ಹಾಲಿನ ಲೆಕ್ಕ ತಪ್ಪಿದ ವರ್ಷ

ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನಿಗೆ ನಿವೃತ್ತಿಯಾದ ಮೇಲೂ ಒಂದು ಚಟ ಬಿಡುವುದಿಲ್ಲ. ಲೆಕ್ಕ ಬರೆಯುವ ಚಟ. ರಾತ್ರಿ ಊಟವಾದ ಮೇಲೆ ನಾನು ನೋಟುಬುಕ್ಕು ತೆಗೆದು ಆ ದಿನದ ಖರ್ಚು ಬರೆಯುತ್ತೇನೆ. ಹಾಲು, ತರಕಾರಿ, ಆಟೋ, ಹೂವು, ಎಲ್ಲ. ಮನೆಯಲ್ಲಿ ಇದೊಂದು ತಮಾಷೆಯ ವಿಷಯ. "ಮಾವ, ಕೊತ್ತಂಬರಿ ಸೊಪ್ಪು ಹತ್ತು ರೂಪಾಯಿ, ಮರೀಬೇಡಿ" ಎಂದು ಸೊಸೆ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಾಳೆ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಸಂಜೆ ಕ್ಯಾಶ್ ಎಣಿಸುವಾಗ ಒಂದು ರೂಪಾಯಿ ಕಡಿಮೆ ಬಂದರೆ ಎಷ್ಟು ತಪ್ಪೋ, ಒಂದು ರೂಪಾಯಿ ಹೆಚ್ಚು ಬಂದರೂ ಅಷ್ಟೇ ತಪ್ಪು. "ಉಳೀತಲ್ಲ, ಬಿಡಿ" ಅನ್ನುವ ಹಾಗಿಲ್ಲ. ಎಲ್ಲೋ ಏನೋ ಆಗಿದೆ, ಹುಡುಕಬೇಕು. ಇಷ್ಟು ವರ್ಷ ಇದನ್ನೇ ಪಾಲಿಸಿಕೊಂಡು ಬಂದ ನಾನು, ನಮ್ಮ ಮನೆಯ ಹಾಲಿನ ಲೆಕ್ಕದಲ್ಲಿ ದಿನಕ್ಕೆ ಅರ್ಧ ಲೀಟರ್ ಉಳಿಯತೊಡಗಿದಾಗ ಸಂತೋಷಪಟ್ಟೆ. ಅದಕ್ಕೇ ಈ ವಾರದ ಅಂಕಣ.

ಇದು ನನ್ನ ಮೊಮ್ಮಗಳ ಕತೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಎರಡು ಷರತ್ತು ಹಾಕಿದ್ದಾಳೆ. "ನನ್ನ ಹೆಸರು ಬೇಡ. ಕೆ.ಜಿ. ಬೇಡ." ಹೆಸರೇನೋ ಸರಿ, ತೂಕ ಯಾಕೆ ಬೇಡ ಎಂದೆ. "ಈ ಕಾಯಿಲೆ ಇರೋ ಹುಡುಗೀರು ಅದನ್ನ ಓದಿದರೆ, ಅವಳು ಅಷ್ಟಕ್ಕೆ ಇಳಿದಿದ್ದಳು, ನಾನಿನ್ನೂ ಇಳಿದಿಲ್ಲ ಅಂತ ಪೈಪೋಟಿಗೆ ಬೀಳ್ತಾರೆ ತಾತ. ನಾನೂ ಹಾಗೇ ಮಾಡ್ತಿದ್ದೆ" ಎಂದಳು. ಅಂಕಿ ಇಲ್ಲದೆ ಗುಮಾಸ್ತ ಬರೆಯುವುದು ಕಷ್ಟವೇ. ಆದರೂ ಮಾತು ಕೊಟ್ಟಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ಪುಟ್ಟಿ ಎಂಟನೇ ತರಗತಿ ಮುಗಿಸಿದ್ದಳು. ಆ ಮೇ ತಿಂಗಳಲ್ಲಿ ನಮ್ಮ ನೆಂಟರ ಮದುವೆ. ಛತ್ರದಲ್ಲಿ ಎಲ್ಲರೂ ಸೇರಿದಾಗ ಯಾರೋ "ನಿಮ್ಮ ಮೊಮ್ಮಗಳು ಕೈಗೆ ಬಂದಳಲ್ಲಪ್ಪ" ಎಂದರು. ನಾನು ಹೆಮ್ಮೆಯಿಂದ, "ಹೂಂ, ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿನ ಬಾಗಿಲಿದ್ದ ಹಾಗೆ ಇದಾಳೆ ನೋಡಿ, ಗಟ್ಟಿಯಾಗಿ" ಎಂದೆ. ಎಲ್ಲರೂ ನಕ್ಕರು. ಪುಟ್ಟಿಯೂ ನಕ್ಕಳು. ನಾನು ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ಅಷ್ಟಕ್ಕೆ ನನಗದು ಮರೆತೇ ಹೋಯಿತು.

ಜುಲೈ ಹೊತ್ತಿಗೆ ಮೂರು ಪ್ಯಾಕೆಟ್ ನಂದಿನಿ ಹಾಲು ಎರಡಕ್ಕೆ ಇಳಿಯಿತು. "ಪುಟ್ಟಿ ಹಾಲು ಬಿಟ್ಟಿದಾಳೆ, ಸೇರಲ್ವಂತೆ" ಎಂದಳು ಸೊಸೆ. ಪ್ರತಿ ಶನಿವಾರ ಅವಳಿಗೆಂದು ಬೇಕರಿಯಿಂದ ದಿಲ್‌ಪಸಂದ್ ತರುತ್ತಿದ್ದೆ. ಆಗಸ್ಟ್‌ನಿಂದ ನನ್ನ ಪುಸ್ತಕದಲ್ಲಿ ಆ ಬಾಬತ್ತೇ ಇಲ್ಲ. ತಂದದ್ದು ಫ್ರಿಜ್ಜಿನಲ್ಲೇ ಒಣಗುತ್ತಿತ್ತು, ನಿಲ್ಲಿಸಿದೆ. ತುಪ್ಪದ ಡಬ್ಬಿ ಒಂದೂವರೆ ತಿಂಗಳು ಬಂತು. ಎಲ್ಲವನ್ನೂ ನನ್ನ ಕೈಯಾರೆ ಬರೆದಿದ್ದೇನೆ. ಬರೆದವನು ಓದಲಿಲ್ಲ, ಅಷ್ಟೆ.

ಆಮೇಲೆ ಏಕಾದಶಿ. ನನ್ನಾಕೆ ಮದುವೆಯಾದಾಗಿನಿಂದ ಏಕಾದಶಿ ಉಪವಾಸ ಮಾಡುತ್ತಾ ಬಂದವಳು. ಪುಟ್ಟಿ ಬಂದು "ಅಜ್ಜಿ, ನಾನೂ ಮಾಡ್ತೀನಿ" ಎಂದಾಗ ಅವಳ ಕಣ್ಣಲ್ಲಿ ನೀರೇ ಬಂತು. ಈಗಿನ ಕಾಲದ ಹುಡುಗಿಗೆ ಎಂಥ ಭಕ್ತಿ ಎಂದು ಬೀದಿಗೆಲ್ಲ ಹೇಳಿದಳು. ಏಕಾದಶಿಯ ಜೊತೆಗೆ ಸಂಕಷ್ಟಿ ಸೇರಿತು. ಆಮೇಲೆ ಸೋಮವಾರ, ಆಮೇಲೆ ಶನಿವಾರ. ದೇವರ ಹೆಸರು ಹೇಳಿದರೆ ನಮ್ಮಂಥ ಮನೆಗಳಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬುದು ಕಾಯಿಲೆಗೆ ಚೆನ್ನಾಗಿ ಗೊತ್ತು.

ನವರಾತ್ರಿಯಲ್ಲಿ ಬೊಂಬೆ ನೋಡಲು ಬಂದವರೆಲ್ಲ ಅವಳ ಗಲ್ಲ ಹಿಡಿದು, "ಅಯ್ಯೋ, ಎಷ್ಟು ಚೆನ್ನಾಗಿ ಸಣ್ಣಗಾಗಿದೀಯೆ! ಏನು ಮಾಡ್ದೆ, ನಮ್ಗೂ ಹೇಳು" ಎಂದರು. ನಾನೇನು ಕಡಿಮೆಯೇ? "ಈಗ ನೋಡು, ಲಕ್ಷಣವಾಗಿದೀಯ" ಎಂದು ವಿಜಯದಶಮಿಯ ದಿನ 500 ರೂಪಾಯಿ ಕೈಗಿಟ್ಟೆ. ಅದೂ ಪುಸ್ತಕದಲ್ಲಿದೆ. 'ಪುಟ್ಟಿಗೆ ಬಹುಮಾನ' ಅಂತ.

ಸಂಕ್ರಾಂತಿಗೆ ಇಡೀ ಬೀದಿಗೆ ಬೀರಲು ಎಳ್ಳು-ಬೆಲ್ಲ ಅವಳೊಬ್ಬಳೇ ಮಾಡಿದಳು. ಕೊಬ್ಬರಿ ಒಂದೇ ಅಳತೆಗೆ ಹೆಚ್ಚಿದ್ದಳು, ಸಕ್ಕರೆ ಅಚ್ಚು ಒಂದೂ ಮುರಿದಿರಲಿಲ್ಲ. ಎಲ್ಲರ ಬಾಯಿಗೂ ಹಾಕಿದಳು. ಅವಳ ಬಾಯಿಗೆ ಒಂದು ಕಾಳು ಹೋಗಲಿಲ್ಲ. ರಾತ್ರಿ ಎಲ್ಲ ಫೋನಿನಲ್ಲಿ ಅಡುಗೆ ಮಾಡುವ ವಿಡಿಯೋ ನೋಡುತ್ತಿದ್ದಳು. ಅಡುಗೆಯಲ್ಲಿ ಆಸಕ್ತಿ ಬಂತು, ಒಳ್ಳೆಯದಾಯಿತು ಎಂದುಕೊಂಡೆವು. ಮಾರ್ಕ್ಸು ಒಂದೂ ಕಡಿಮೆಯಾಗಿರಲಿಲ್ಲ. ಓದುವ ಮಗು, ದೇವರಲ್ಲಿ ಭಕ್ತಿ ಇರುವ ಮಗು, ಅಡುಗೆ ಕಲಿಯುತ್ತಿರುವ ಮಗು. ತಕರಾರು ಮಾಡಲು ಏನಿತ್ತು?

ಆದರೆ ಫೆಬ್ರವರಿ ಕೊನೆಯ ಬಿಸಿಲಲ್ಲಿ, ಮಧ್ಯಾಹ್ನ ಎರಡು ಗಂಟೆಗೆ ಆ ಮಗು ಸ್ವೆಟರ್ ಹಾಕಿಕೊಂಡು ಕೂತಿತ್ತು. ಕೈ ಮುಟ್ಟಿದರೆ ತಣ್ಣಗೆ. ಬಾಚಣಿಗೆ ತುಂಬ ಕೂದಲು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮುಟ್ಟು ನಿಂತು ಎಷ್ಟೋ ತಿಂಗಳಾಗಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೊಸೆ ಒಬ್ಬ ವೈದ್ಯರಿಗೆ ತೋರಿಸಿದ್ದಳು. "ಈ ವಯಸ್ಸಲ್ಲಿ ಹೀಗೇ, ಟಾನಿಕ್ ಕೊಡಿ" ಎಂದಿದ್ದರಂತೆ.

ನಾನು ನನ್ನದೇ ವೈದ್ಯ ಮಾಡಲು ಹೋದೆ. ಒಂದು ರಾತ್ರಿ ಅವಳು ಒಂದೇ ಚಪಾತಿಯನ್ನು ಚೂರು ಚೂರು ಮಾಡಿ ತಟ್ಟೆಯಲ್ಲಿ ಆಚೆ ಈಚೆ ಸರಿಸುತ್ತ ಕೂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ನಾವು ಹುಡುಗರಾಗಿದ್ದಾಗಿನ 1965-66ರ ಬರ, ರೇಷನ್ ಅಂಗಡಿಯ ಸಾಲು, ಅಮೆರಿಕದಿಂದ ಬಂದ ಗೋಧಿ, ಸ್ಕೂಲಿನಲ್ಲಿ ಕೊಡುತ್ತಿದ್ದ ಉಪ್ಪಿಟ್ಟಿಗೆ ತಟ್ಟೆ ಹಿಡಿದು ನಿಂತಿದ್ದು ಎಲ್ಲವನ್ನೂ ಹೇಳಿದೆ. "ಅನ್ನ ದೇವರು ಕಣೇ. ಹಸಿವು ಅಂದ್ರೇನು ಅಂತ ನಿನಗೆ ಗೊತ್ತಾ?" ಎಂದು ಕೂಗಿದೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಹಸಿವು ಎಂದರೇನೆಂದು ಆ ಮನೆಯಲ್ಲಿ ಆಗ ಅವಳೊಬ್ಬಳಿಗೇ ಗೊತ್ತಿತ್ತು.

ನಮ್ಮ ಕಣ್ಣು ತೆರೆಸಿದ್ದು ಅವಳ ಕ್ಲಾಸಿನ ಒಬ್ಬ ಗೆಳತಿ. ಒಂದು ಶನಿವಾರ ಬೆಳಿಗ್ಗೆ ಸ್ಕೂಲು ಬಿಟ್ಟ ಮೇಲೆ ಒಬ್ಬಳೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಅಜ್ಜಿ, ಅವಳು ದಿನಾ ಟಿಫಿನ್ ಡಬ್ಬಿ ಊಟ ಮಾಡ್ತಾ ಇಲ್ಲ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದಾಳೆ. ನೆನ್ನೆ ಪ್ರೇಯರಲ್ಲಿ ಬಿದ್ದುಬಿಟ್ಟಳು. ನನಗೆ ಭಯ ಆಗ್ತಿದೆ" ಎಂದು ಅತ್ತುಬಿಟ್ಟಳು. ಆರು ತಿಂಗಳಿಂದ ಡಬ್ಬಿ ಖಾಲಿಯಾಗಿ, ತೊಳೆದೇ ಮನೆಗೆ ಬರುತ್ತಿತ್ತು. ನಾವು ಅದನ್ನು ಒಳ್ಳೆಯ ಅಭ್ಯಾಸ ಎಂದುಕೊಂಡಿದ್ದೆವು.

ಮಕ್ಕಳೇ, ಇಲ್ಲಿ ನಿಮಗೊಂದು ಮಾತು. ಆ ಹುಡುಗಿ ಮಾಡಿದ್ದು ಚಾಡಿ ಅಲ್ಲ. ಆಣೆ ಮುರಿದದ್ದಕ್ಕೆ ಪುಟ್ಟಿ ಅವಳ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದೂ ನಿಜ. ಈಗ ಇಬ್ಬರೂ ಒಂದೇ ಕಾಲೇಜು, ಒಂದೇ ಬಸ್ಸು. ಗೆಳೆಯರ ಜೀವಕ್ಕೆ ಅಪಾಯ ಅನ್ನಿಸುವ ಗುಟ್ಟು ಯಾವುದಾದರೂ ನಿಮ್ಮ ಹತ್ತಿರ ಇದ್ದರೆ ಮನೆಯಲ್ಲೋ ಟೀಚರ್ ಹತ್ತಿರವೋ ಹೇಳಿಬಿಡಿ.

ಅವತ್ತೇ ಸಂಜೆ ಇನ್ನೊಬ್ಬ ವೈದ್ಯರ ಹತ್ತಿರ ಹೋದೆವು. ಅವರು ನಾಡಿ ಹಿಡಿದು ಮತ್ತೆ ಹಿಡಿದು, ಇ.ಸಿ.ಜಿ. ಮಾಡಿಸಿ, "ಈಗಲೇ ಅಡ್ಮಿಟ್ ಮಾಡಿ" ಎಂದರು. ತುಂಬ ದಿನ ಆಹಾರವಿಲ್ಲದಿದ್ದರೆ ಹೃದಯವೂ ಸೊರಗುತ್ತದಂತೆ, ಬಡಿತ ನಿಧಾನವಾಗುತ್ತದಂತೆ. ಮೈಯನ್ನು ಬೆಚ್ಚಗಿಡಲು ಶಕ್ತಿ ಇಲ್ಲದೆ ಚಳಿಯಾಗುತ್ತದೆ, ಸ್ವೆಟರ್ ಅದಕ್ಕೆ. ಅಲ್ಲಿಗೆ ಬಂದ ಮನೋವೈದ್ಯೆ ಕಾಯಿಲೆಯ ಹೆಸರು ಹೇಳಿದರು, ಅನೊರೆಕ್ಸಿಯಾ ನರ್ವೋಸಾ. ಈಟಿಂಗ್ ಡಿಸಾರ್ಡರ್ ಎನ್ನುವ ಗುಂಪಿನ ಒಂದು ಕಾಯಿಲೆ. ಮಾನಸಿಕ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವವುಗಳಲ್ಲಿ ಇದೂ ಒಂದು ಎಂದರು. ನನ್ನ ಮಗ ಕುರ್ಚಿಯಲ್ಲಿ ಕುಸಿದು ಕೂತ.

"ಎಲ್ಲ ಈ ಮೊಬೈಲಿನಿಂದ" ಎಂದೆ ನಾನು. ಮುದುಕರಿಗೆ ಸುಲಭಕ್ಕೆ ಸಿಗುವ ಅಪರಾಧಿ ಅದು. ಆಕೆ ನಕ್ಕರು. ಈ ಕಾಯಿಲೆಗೆ ಆ ಹೆಸರಿಟ್ಟದ್ದು ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯ, 1873ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಲಸೇಗ್ ಎಂಬ ಇನ್ನೊಬ್ಬ ವೈದ್ಯ ಕೂಡ ಇದೇ ಕಾಯಿಲೆಯ ಬಗ್ಗೆ ಬರೆದಿದ್ದ. ಆಗ ಮೊಬೈಲೂ ಇಲ್ಲ, ಸಿನಿಮಾವೂ ಇಲ್ಲ. ಹಾಗೆಂದು ಚಿತ್ರಗಳ ಪಾತ್ರ ಇಲ್ಲವೆಂದಲ್ಲ. ಫಿಜಿ ದ್ವೀಪದಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ ಎಂದು ನಂಬಿದ್ದ ಜನರ ನಡುವೆ 1995ರಲ್ಲಿ ಟೀವಿ ಬಂತು. ಮೂರೇ ವರ್ಷದಲ್ಲಿ ಅಲ್ಲಿನ ಶಾಲಾ ಹುಡುಗಿಯರು ಟೀವಿಯಲ್ಲಿ ಕಂಡವರಂತೆ ಸಣ್ಣಗಾಗಬೇಕೆಂದು ಮಾತಾಡತೊಡಗಿದ್ದನ್ನು ಆನ್ ಬೆಕರ್ ಎಂಬ ಸಂಶೋಧಕಿ ದಾಖಲಿಸಿದ್ದಾರೆ. ಹುಟ್ಟಿನಿಂದ ಬಂದ ಗುಣ, ಎಲ್ಲ ಸರಿಯಾಗಿಯೇ ಇರಬೇಕೆನ್ನುವ ಸ್ವಭಾವ, ಬೆಳೆಯುವ ವಯಸ್ಸು, ಸುತ್ತಲಿನವರ ಮಾತು, ಇಷ್ಟೂ ಕೂಡಿ ಬರುವ ಕಾಯಿಲೆ ಇದು.

ಸ್ಟ್ರಾಂಗ್ ರೂಮಿನ ಮಾತು ಪುಟ್ಟಿಯ ಬಾಯಿಂದ ಹೊರಬಂದದ್ದು ಆ ದಿನಗಳಲ್ಲೇ. ಕನ್ನಡಿ ನೋಡಿದಾಗಲೆಲ್ಲ ಅದೇ ಕೇಳಿಸುತ್ತಿತ್ತಂತೆ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ಮನೋವೈದ್ಯೆಯ ಮುಂದೆ ಕೈಮುಗಿದು, ಇದಕ್ಕೆ ನಾನೇ ಕಾರಣವಾ ಎಂದು ಕೇಳಿದೆ. "ಒಂದು ಮಾತಿನಿಂದ ಈ ಕಾಯಿಲೆ ಬರಲ್ಲ ಸಾರ್. ಹಾಗೆ ಬರೋದಾದರೆ ಊರಿಗೆ ಊರೇ ಹಾಸಿಗೆ ಹಿಡೀತಿತ್ತು. ಆದರೆ ಇನ್ನು ಮೇಲೆ ಆ ಥರದ ಮಾತು ಬೇಡ. ದಪ್ಪ ಅಂತಲೂ ಬೇಡ, ಸಣ್ಣಗಾದೆ ಚೆನ್ನಾಗಿದೀಯ ಅಂತಲೂ ಬೇಡ" ಎಂದರು. ನಾನು ಪುಟ್ಟಿಯ ಹತ್ತಿರ ಕ್ಷಮೆ ಕೇಳಿದೆ. ಮೊಮ್ಮಗಳ ಹತ್ತಿರ ತಪ್ಪಾಯಿತು ಎಂದು ಹೇಳುವುದನ್ನು ನಮ್ಮ ಕಾಲದಲ್ಲಿ ಯಾರೂ ಕಲಿಸಿರಲಿಲ್ಲ. ಗಂಟಲು ಕಟ್ಟಿತು. ಅವಳು ಗೋಡೆಯ ಕಡೆ ತಿರುಗಿಕೊಂಡು "ಪರವಾಗಿಲ್ಲ ತಾತ" ಎಂದಳು.

ಹಟ ಎಂದು ನಾನು ತಿಳಿದದ್ದು ಹಟವಲ್ಲ ಎಂಬುದು ನನ್ನ ದಪ್ಪ ತಲೆಗೆ ಹೋದದ್ದು ಆಕೆ ಹೇಳಿದ ಒಂದು ಹಳೆಯ ಪ್ರಯೋಗದ ಕತೆಯಿಂದ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬುವರು 36 ಜನ ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಕೊಲ್ಲುವ ಕೆಲಸ ಬೇಡವೆಂದು ಯುದ್ಧಕ್ಕೆ ಹೋಗಲೊಪ್ಪದೆ, ಯುದ್ಧದಲ್ಲಿ ಹಸಿದವರಿಗೆ ನೆರವಾಗಲೆಂದು ತಾವಾಗಿ ಒಪ್ಪಿ ಬಂದ ಹುಡುಗರು ಅವರು. ಆರು ತಿಂಗಳಲ್ಲಿ ಅವರು ಏನಾದರು ಗೊತ್ತೇ? ಸದಾ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುವುದು, ಪಾಕವಿಧಾನ ಬರೆದಿಟ್ಟುಕೊಳ್ಳುವುದು. ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತು ಚೂರು ಚೂರು ತಿನ್ನುವುದು. ಮೈಗೆಲ್ಲ ಚಳಿ. ಮಾತಾಡಿಸಿದರೆ ಸಿಡುಕು, ಗೆಳೆಯರು ಬೇಡ. ಅವರ್ಯಾರಿಗೂ ಸಣ್ಣಗಾಗುವ ಆಸೆ ಇರಲಿಲ್ಲ. ಹಸಿವೇ ಅವರ ತಲೆಯನ್ನು ಹಾಗೆ ಮಾಡಿತ್ತು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕ ಮೇಲೂ ಸರಿಹೋಗಲು ತಿಂಗಳುಗಳೇ ಬೇಕಾದವು. ಸಂಕ್ರಾಂತಿಯ ಸಕ್ಕರೆ ಅಚ್ಚು, ರಾತ್ರಿಯ ಅಡುಗೆ ವಿಡಿಯೋ, ಚೂರು ಮಾಡಿದ ಚಪಾತಿ, ಎಲ್ಲವೂ ನನ್ನ ಕಣ್ಣ ಮುಂದೆ ಬಂದವು. ಕಾಲು ಮುರಿದ ಮಗುವಿಗೆ ಓಡು ಎಂದು ಬೈದ ಹಾಗಾಗಿತ್ತು ನನ್ನ ಬರಗಾಲದ ಭಾಷಣ.

ಆಸ್ಪತ್ರೆಯಲ್ಲೂ ಒಂದು ಎಡವಟ್ಟು ಮಾಡಿದೆ. ಅಂತೂ ತಿನ್ನುತ್ತಿದ್ದಾಳಲ್ಲ ಎಂಬ ಖುಷಿಗೆ ಮೂರನೇ ದಿನ ಒಬ್ಬಟ್ಟು, ತುಪ್ಪ ಕಟ್ಟಿಸಿಕೊಂಡು ಹೋದೆ. ನರ್ಸ್ ಬಾಗಿಲಲ್ಲೇ ತಡೆದರು. ತುಂಬ ದಿನ ಉಪವಾಸವಿದ್ದ ಮೈಗೆ ಒಮ್ಮೆಲೇ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಪೆಟ್ಟು ಬೀಳಬಹುದು. ಮಹಾಯುದ್ಧದ ಸೆರೆಯಾಳುಗಳು ಬಿಡುಗಡೆಯಾಗಿ ಊಟ ಸಿಕ್ಕ ಮೇಲೆ ಸತ್ತದ್ದೂ ಉಂಟು. ಆದ್ದರಿಂದ ಅಜ್ಜಿಯರೇ, ಮೊಮ್ಮಗು ಸೊರಗಿದೆ ಎಂದು ತುಪ್ಪ ಸುರಿಯಬೇಡಿ. ಎಷ್ಟು, ಯಾವಾಗ ಎಂಬುದನ್ನು ವೈದ್ಯರು ಹೇಳಲಿ. ಒಬ್ಬಟ್ಟನ್ನು ನಾನೂ ವಾರ್ಡಿನ ಸೆಕ್ಯೂರಿಟಿಯವರೂ ತಿಂದೆವು.

ಹತ್ತು ದಿನದ ಮೇಲೆ ಮನೆಗೆ ಬಂದೆವು. ನಿಜವಾದ ಕೆಲಸ ಶುರುವಾದದ್ದು ಆಗ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು 1980ರ ದಶಕದಲ್ಲಿ ರೂಪಿಸಿದ ಕ್ರಮವನ್ನು ನಮ್ಮ ಮನೋವೈದ್ಯೆ ಹೇಳಿಕೊಟ್ಟರು. ಸ್ವಲ್ಪ ಕಾಲ ಏನು ತಿನ್ನಬೇಕು, ಎಷ್ಟು ಎಂಬ ತೀರ್ಮಾನ ತಂದೆತಾಯಿಯದು. ಔಷಧಿ ಕೊಟ್ಟ ಹಾಗೆ ಹೊತ್ತು ಹೊತ್ತಿಗೆ ಊಟ. ಬೈಗುಳ ಇಲ್ಲ, ಚೌಕಾಶಿಯೂ ಇಲ್ಲ. ಮಗುವೇ ಬೇರೆ, ಕಾಯಿಲೆಯೇ ಬೇರೆ ಎಂದು ನೋಡಬೇಕು. ಮಗ, ಸೊಸೆ ಸರದಿಯ ಮೇಲೆ ರಜೆ ಹಾಕಿದರು. ತಾತ-ಅಜ್ಜಿಯ ಕೆಲಸ ಪೊಲೀಸಿನದಲ್ಲ, ಜೊತೆಗೆ ಕೂರುವುದು ಅಷ್ಟೆ ಎಂದರು.

ನನಗೆ ಸುಮ್ಮನೆ ಕೂರಲು ಬರಬೇಕಲ್ಲ! ಹೊಸ ನೋಟುಬುಕ್ಕು ತಂದು ಇಡ್ಲಿ ಎರಡು, ಚಪಾತಿ ಒಂದೂವರೆ, ಮಜ್ಜಿಗೆ ಅರ್ಧ ಲೋಟ ಎಂದು ಬರೆಯತೊಡಗಿದೆ. ನಾಲ್ಕನೇ ದಿನ ಪುಟ್ಟಿ ಅದನ್ನು ನೋಡಿಬಿಟ್ಟಳು. "ನಾನು ನಿನ್ನ ಲೆಡ್ಜರ್ ಅಲ್ಲ ತಾತ!" ಎಂದು ಬಾಗಿಲು ಹಾಕಿಕೊಂಡಳು. ಆ ರಾತ್ರಿ ಊಟ ಹಾಳಾಯಿತು. ಅವಳ ತಲೆಯೊಳಗೆ ಆಗಲೇ ಒಬ್ಬ ಗುಮಾಸ್ತ ಕೂತು ಪ್ರತಿ ತುತ್ತನ್ನೂ ಎಣಿಸುತ್ತಿದ್ದ. ಹೊರಗೆ ಇನ್ನೊಬ್ಬನ ಅಗತ್ಯವಿರಲಿಲ್ಲ. ಆ ಪುಸ್ತಕ ಹರಿದು ಹಾಕಿದೆ.

ಆಮೇಲೆ ನಾನು ಕಲಿತ ಕೆಲಸ ಚೌಕಾಬಾರ. ಊಟದ ಹೊತ್ತಿನಲ್ಲಿ ಬೇರೇನಾದರೂ ಮಾತಾಡುವುದು, ನನ್ನ ಹಳೇ ಮ್ಯಾನೇಜರ ಮರೆವು, ಕೋಟು ಹಾಕಿಕೊಂಡು ಬಂದು ಬೀಗದ ಕೈ ಮನೆಯಲ್ಲೇ ಬಿಟ್ಟದ್ದು. ಊಟವಾದ ಮೇಲಿನ ಅರ್ಧ-ಮುಕ್ಕಾಲು ಗಂಟೆ ಅವಳಿಗೆ ಎಲ್ಲಕ್ಕಿಂತ ಕಷ್ಟದ್ದು, ತಿಂದದ್ದಕ್ಕೆ ಪಶ್ಚಾತ್ತಾಪ ಒತ್ತಿಕೊಂಡು ಬರುತ್ತಿತ್ತು. ಆಗ ಅವಳನ್ನು ಒಂಟಿಯಾಗಿ ಬಿಡದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆ ಹಾಕಿ ಆಡುತ್ತಿದ್ದೆವು. ಒಂದು ರಾತ್ರಿ ಒಂದು ಬಟ್ಟಲು ಮೊಸರನ್ನಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅತ್ತಳು, ನಮ್ಮನ್ನೆಲ್ಲ ಬೈದಳು. ಸೊಸೆ ಬಟ್ಟಲು ತೆಗೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಕಷ್ಟ ಆಗ್ತಿದೆ ಅಂತ ಗೊತ್ತು ಕಂದ, ನಾನಿಲ್ಲೇ ಇದೀನಿ" ಎಂದಷ್ಟೇ ಹೇಳುತ್ತ ಕೂತಿದ್ದಳು. ಬ್ಯಾಂಕಿನಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳನ್ನು ನೋಡಿದ್ದೇನೆ, ಅಂಥ ತಾಳ್ಮೆ ನೋಡಿರಲಿಲ್ಲ.

ಇನ್ನು ನನ್ನಾಕೆ. ಮನೆಗೆ ಬಂದ ಮೇಲಿನ ಮೊದಲ ಏಕಾದಶಿ. ಪುಟ್ಟಿ ಬೆಳಿಗ್ಗೆಯೇ "ಅಜ್ಜಿ, ಇವತ್ತು..." ಎಂದು ಶುರು ಮಾಡಿದಳು. ನನ್ನಾಕೆ ಮಾತಾಡದೆ ಎರಡು ತಟ್ಟೆ ಹಾಕಿ, ಎರಡಕ್ಕೂ ಅನ್ನ-ಸಾರು ಬಡಿಸಿ, ತಾನು ಮೊದಲ ತುತ್ತು ಬಾಯಿಗಿಟ್ಟಳು. 48 ವರ್ಷದಲ್ಲಿ ಮೊದಲ ಸಲ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಮೇಲೆ ದೇವರ ಮನೆಯಲ್ಲಿ ಬಹಳ ಹೊತ್ತು ಕೂತಿದ್ದಳು. ಏನು ಮಾತಾಡಿಕೊಂಡರೋ ಅವರಿಬ್ಬರಿಗೇ ಗೊತ್ತು.

ಎಲ್ಲ ಮನೆಯಲ್ಲೂ ಕಾಯಿಲೆ ಹೀಗೇ ಕಾಣುವುದಿಲ್ಲ. ಕೆಲವರು ಕದ್ದು ಒಂದೇ ಸಮ ತಿಂದು, ಆಮೇಲೆ ಅದನ್ನು ಹೊರಹಾಕಲು ಒದ್ದಾಡುತ್ತಾರೆ. ಅವರು ನೋಡಲು ಸಣ್ಣಗೇನೂ ಇರುವುದಿಲ್ಲ, ಆದರೆ ಅಪಾಯ ಇದ್ದೇ ಇರುತ್ತದೆ. ಊಟವಾದ ಕೂಡಲೇ ಪ್ರತಿ ಸಲ ಬಚ್ಚಲಿಗೆ ಹೋಗುವುದು, ಜೊತೆಯಲ್ಲಿ ಊಟಕ್ಕೆ ಕೂರದಿರುವುದು, ದೊಗಳೆ ಬಟ್ಟೆ, ಸದಾ ತೂಕದ ಮಾತು, ಇವು ಕಂಡರೆ ಕಿವಿಗೊಡಿ. ಹುಡುಗರಿಗೂ ಬರುತ್ತದೆ. ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬ ಜಿಮ್ಮು, ಪ್ರೋಟೀನ್ ಪುಡಿ ಎಂದು ಅನ್ನವನ್ನೇ ಬಿಟ್ಟು ಮುಖ ಬತ್ತಿಸಿಕೊಂಡಿದ್ದ. ನಾನೇ ಅವನ ತಂದೆಗೆ ಹೇಳಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ತಲೆ ತಿರುಗಿ ಬೀಳುತ್ತಿದ್ದರೆ ಮಾತ್ರ ಫೋನು ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ.

ಪುಟ್ಟಿ ಈಗ ಪಿಯುಸಿ ಎರಡನೇ ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಒಮ್ಮೆ ಜಾರಿದಳು, ಮತ್ತೆ ಮೂರು ತಿಂಗಳು ಮೊದಲಿನಿಂದ ಶುರು ಮಾಡಿದೆವು. ಈಗಲೂ ತಿಂಗಳಿಗೊಮ್ಮೆ ಮನೋವೈದ್ಯೆಯ ಹತ್ತಿರ ಹೋಗುತ್ತಾಳೆ. ಅಲ್ಲಿ ತೂಕ ನೋಡುವಾಗ ಯಂತ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಾಳೆ, ಅಂಕಿ ಅವಳಿಗೆ ಕಾಣದ ಹಾಗೆ.

ಈ ಲೇಖನವನ್ನು ಕಳಿಸುವ ಮುಂಚೆ ಅವಳಿಗೆ ಓದಲು ಕೊಟ್ಟೆ. ಎರಡು ಕಾಗುಣಿತ ತಿದ್ದಿದಳು. 'ಈಗ ಪೂರ್ತಿ ಗುಣವಾಗಿದ್ದಾಳೆ' ಎಂದು ಬರೆದಿದ್ದೆ. ಆ ಸಾಲು ಹೊಡೆದು ಹಾಕಿ, ಮೇಲೆ ಸಣ್ಣಕ್ಷರದಲ್ಲಿ 'ಗುಣವಾಗುತ್ತಿದ್ದಾಳೆ' ಎಂದು ಬರೆದಳು. ಆಮೇಲೆ, "ಹಾಲು ಇನ್ನೊಂದು ಪ್ಯಾಕೆಟ್ ಜಾಸ್ತಿ ತಗೊಂಡು ಬಾ ತಾತ, ಸಂಜೆ ಅವಳು ಬರ್ತಾಳೆ, ಕಾಫಿಗೆ" ಎಂದಳು. ಅವಳು ಎಂದರೆ ಆ ಗೆಳತಿ. ಚೀಲ ಹಿಡಿದು ಹೊರಟಿದ್ದೇನೆ.